ಅತ್ತೆಯ ಬಳ್ಳಿ, ಸೊಸೆಯ ಪ್ರಿಂಟರು

ಕೋಟಕ್ಕನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ. ಅದು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಹಾಯಾಗಿ ಮಲಗಿದೆ, ಎಬ್ಬಿಸಲು ಯಾರೂ ಹೋಗುವುದಿಲ್ಲ. ಮೂವತ್ತೊಂದು ವರ್ಷದಿಂದ ಕೋಟು ಹೊಲಿಯುತ್ತಾಳೆ, ಅದಕ್ಕೇ ಕೋಟಕ್ಕ. ಬಸ್ ಸ್ಟಾಪಿನ ಎದುರಿಗೆ, ಔಷಧಿ ಅಂಗಡಿಗೂ ರೇಡಿಯೋ ರಿಪೇರಿ ಅಂಗಡಿಗೂ ನಡುವೆ ಇಕ್ಕಟ್ಟಾಗಿ ಅವಳ ಹೊಲಿಗೆ ಅಂಗಡಿ. ಅಂಗಡಿಯೊಳಗಿಂದಲೇ ಹದಿನಾಲ್ಕು ಮೆಟ್ಟಿಲು ಹತ್ತಿದರೆ ಮನೆ.

ಅವಳ ಬಗ್ಗೆ ಬೀದಿಯಲ್ಲಿ ಎರಡು ಮಾತಿವೆ. ಅವಳು ಹೊಲಿದ ಕೋಟಿನ ತೋಳು ಹರಿಯುವುದಿಲ್ಲ, ತೊಟ್ಟವನ ತೋಳೇ ಮೊದಲು ಸೋಲಬೇಕು ಎನ್ನುವುದು ಒಂದು. ಕೆಟ್ಟು ನಿಂತ ಯಂತ್ರ ಕಂಡರೆ ಅವಳ ಕೈ ಸುಮ್ಮನಿರದು ಎನ್ನುವುದು ಇನ್ನೊಂದು. ಮದುವೆಯಾಗಿ ಬಂದ ವರ್ಷವೇ ಅತ್ತೆಯ ಹೊಲಿಗೆ ಯಂತ್ರವನ್ನು ಬುಡಸಮೇತ ಬಿಚ್ಚಿ, ಹಳೆಯ ಪತ್ರಿಕೆಯ ಮೇಲೆ ಹರಡಿಕೊಂಡು ಕೂತಿದ್ದಳು. ನೋಡಿದ ಅತ್ತೆ ಎದೆ ಹಿಡಿದುಕೊಂಡರು. ಸಂಜೆಗೆ ಯಂತ್ರ ಮೊದಲಿಗಿಂತ ಹಗುರವಾಗಿ ಓಡುತ್ತಿತ್ತು, ಆದರೆ ಒಂದು ಸ್ಕ್ರೂ ಮಿಕ್ಕಿತ್ತು. "ಇದೆಲ್ಲೀದೇ?" ಎಂದರು ಅತ್ತೆ. "ಅದು ಬೇಕಾಗಿರ್ಲಿಲ್ಲ ಅತ್ತೆ, ಸುಮ್ನೆ ಹಾಕಿದ್ರು" ಎಂದಳು ಸೊಸೆ. ಆ ಯಂತ್ರ ಇವತ್ತಿಗೂ ಓಡುತ್ತಿದೆ. ಈಗ ನೀವೇ ಹೇಳಿ, ಗೆದ್ದವರು ಯಾರು?

ಅತ್ತೆಯ ಕೆಲಸ ಬೇರೆ ಥರದ್ದು. ಹೊಲಿಗೆ ಅವರಿಗೂ ಬರುತ್ತಿತ್ತು, ಆದರೆ ಅವರು ಹೆಸರಾಗಿದ್ದು ಬಳ್ಳಿ ಬರೆಯುವುದಕ್ಕೆ. ಕೋಟಿನ ಬೆನ್ನಿನ ತುಂಡನ್ನು ಕತ್ತರಿಸುವ ಮೇಜಿನ ಮೇಲೆ ಹರಡಿ, ಗುರುತು ಹಾಕುವ ಸೀಮೆಸುಣ್ಣ ಹಿಡಿದು ಬುಡದಿಂದ ತುದಿಯವರೆಗೆ ಒಂದೇ ಉಸಿರಿಗೆ ಎಳೆಯುತ್ತಿದ್ದರು. ಅಳತೆ ಇಲ್ಲ, ಅಳಿಸುವುದಿಲ್ಲ. ಆ ಗೆರೆಯ ಮೇಲೆ ಹಿಂದಿನ ಓಣಿಯ ಕಸೂತಿ ಹೆಂಗಸರು ದಾರ ಓಡಿಸುತ್ತಿದ್ದರು. ಊರಿನ ಬ್ಯಾಂಡಿನವರ ಇಪ್ಪತ್ತೆರಡು ಕೆನೆಬಣ್ಣದ ಕೋಟುಗಳ ಬೆನ್ನ ಮೇಲೆ ನಲವತ್ತು ವರ್ಷದಿಂದ ಇರುವುದು ಅತ್ತೆಯ ಬಳ್ಳಿಯೇ. ತುತ್ತೂರಿ ಊದುವವರ ಮುಖ ನೆನಪಿಲ್ಲದವರಿಗೂ ಅವರ ಬೆನ್ನು ನೆನಪಿರುತ್ತದೆ.

ಅತ್ತೆಗೆ ಎಪ್ಪತ್ತಾರು ತುಂಬಿದ ಮೇಲೆ ಬಲಗೈ ನಡುಗತೊಡಗಿತು. ಮೊದಲು ಲೋಟ, ಆಮೇಲೆ ಸೂಜಿ, ಕೊನೆಗೆ ಸೀಮೆಸುಣ್ಣ. ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. "ಇದು ಹೋಗೋದಲ್ಲ ಅಮ್ಮಾ. ನಿಧಾನವಾಗಿ ಹೆಚ್ಚಾಗುತ್ತೆ. ಮಾತ್ರೆ ಕೊಡ್ತೀನಿ, ಸ್ವಲ್ಪ ಹಿಡಿತ ಸಿಗಬಹುದು" ಎಂದರು. ಮಾತ್ರೆ ನುಂಗಿದ್ದಾಯಿತು, ಹಿಡಿತ ಸಿಗಲಿಲ್ಲ.

ಅಂಥ ಹೊತ್ತಿನಲ್ಲೇ ಬ್ಯಾಂಡ್ ಮಾಸ್ತರು ಬಂದರು. ಬ್ಯಾಂಡಿಗೆ ಐವತ್ತು ವರ್ಷವಂತೆ. ಕೋಟುಗಳೂ ಹೊಸವು, ಬಳ್ಳಿಯೂ ಹೊಸದು ಬೇಕಂತೆ. "ಹಳೇ ಬಳ್ಳಿ ಬೇಡ ಅಮ್ಮಾ. ನೀವೇ ಹೊಸದಾಗಿ ಒಂದು ಬರ್ಕೊಡ್ಬೇಕು. ತಿಂಗಳ ಕೊನೆ ಒಳಗೆ ಬಟ್ಟೆ ಮೇಲೆ ಗೆರೆ ಕಂಡ್ರೆ ಸಾಕು, ಆಮೇಲೆ ಕಸೂತಿಗೆ ಟೈಮ್ ಇದೆ. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ, ಫ್ಯಾಕ್ಟರಿಯೋರು ಕಂಪ್ಯೂಟರಲ್ಲೇ ಮಾಡ್ಕೊಡ್ತಾರಂತೆ" ಎಂದರು. ಪಾಪ, ಅವರಿಗೆ ಕೈಯ ಸುದ್ದಿ ಗೊತ್ತಿರಲಿಲ್ಲ. ಅತ್ತೆ ಹೇಳುವ ಪೈಕಿಯೂ ಅಲ್ಲ. "ಆಗುತ್ತೆ" ಎಂದುಬಿಟ್ಟರು.

ಅವರು ಹೋದ ಮೇಲೆ ಅತ್ತೆ ಬಟ್ಟೆ ಹರಡಿ ಸೀಮೆಸುಣ್ಣ ಹಿಡಿದರು. ಬಳ್ಳಿಯ ದಂಟು ಗರಗಸದ ಹಲ್ಲಿನಂತೆ ಬಂತು. ಒರೆಸಿ ಮತ್ತೆ ಬರೆದರು, ಮತ್ತೆ ಅದೇ. ಮೂರನೆಯ ಸಲ ಸೀಮೆಸುಣ್ಣವನ್ನು ಮೇಜಿನ ಮೇಲೆ ಇಟ್ಟರು. ಎಸೆಯಲಿಲ್ಲ, ಇಟ್ಟರು. ಎಸೆದಿದ್ದರೆ ಕೋಟಕ್ಕನಿಗೆ ಅಷ್ಟು ಭಯವಾಗುತ್ತಿರಲಿಲ್ಲ.

"ಕೈ ಹೋಯ್ತು ಕಣೇ. ಕೈ ಇಲ್ಲದ ಮೇಲೆ ಅಂಗಡೀಲಿ ನನಗೇನು ಕೆಲಸ? ಬಾಗಿಲು ಕಾಯೋಕೆ ಒಂದು ನಾಯಿ ತಂದ್ಕೋ" ಎಂದು ಮೆಟ್ಟಿಲು ಹತ್ತಿದರು. ಮಾರನೆಯ ದಿನ ಇಳಿಯಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಊಟ ಅರ್ಧಕ್ಕೆ ನಿಂತಿತು. ಬಸ್ ಡ್ರೈವರ್ ಆಗಿದ್ದ ಮಗ ಡ್ಯೂಟಿ ಮುಗಿಸಿ ಬಂದು "ಅಮ್ಮಾ, ಕೆಳಗೆ ಬಾ" ಎಂದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಬ್ಯಾಂಡಿನ ಕೆಲಸ ಕೈತಪ್ಪಿದರೆ ಇನ್ನೊಂದು ಸಿಗುತ್ತದೆ, ಅದರ ಚಿಂತೆ ಕೋಟಕ್ಕನಿಗಿರಲಿಲ್ಲ. ಈ ತಿಂಗಳು ಬಳ್ಳಿ ಬೀಳದಿದ್ದರೆ ಅತ್ತೆ ಮತ್ತೆಂದೂ ಆ ಮೆಟ್ಟಿಲು ಇಳಿಯುವುದಿಲ್ಲ ಎಂದು ಅವಳಿಗೆ ಖಂಡಿತವಾಗಿ ಅನ್ನಿಸಿತ್ತು. ಅತ್ತೆ ಸೊಸೆ ಎಂದರೆ ಹಾವು ಮುಂಗುಸಿ ಎನ್ನುವ ಜನ ಈ ಮನೆಗೆ ಬಂದು ನೋಡಬೇಕಿತ್ತು. ಜಗಳ ಇರಲಿಲ್ಲವೇ? ದಿನಕ್ಕೆ ಮೂರು. ಆದರೆ ಜಗಳಕ್ಕೂ ಎದುರಿಗೆ ಒಬ್ಬರು ಬೇಕಲ್ಲ!

ನಾಲ್ಕನೆಯ ದಿನ ಮಧ್ಯಾಹ್ನ ಒಂದು ಘಟನೆ ನಡೆಯಿತು. ಊಟದ ಹೊತ್ತೆಂದು ಕೋಟಕ್ಕ ಶಟರ್ ಎಳೆದು ಗುಂಡಿ ತರಲು ಹೋಗಿದ್ದಳು. ವಾಪಸ್ ಬರುವಾಗ ಎದುರಿನ ಬಸ್ ಸ್ಟಾಪಿನ ಹತ್ತಿರ ಗಕ್ಕನೆ ನಿಂತಳು. ತನ್ನ ಅಂಗಡಿಯ ನೀಲಿ ಶಟರಿನ ಮೇಲೆ, ನೆಲದಿಂದ ಆಳೆತ್ತರಕ್ಕೆ, ಬಿಳಿಯ ಬಳ್ಳಿಯೊಂದು ಎದ್ದಿತ್ತು. ಪಕ್ಕದಲ್ಲಿ ಸೀಮೆಸುಣ್ಣ ಹಿಡಿದು ಅತ್ತೆ ಏದುಸಿರು ಬಿಡುತ್ತಿದ್ದರು. ಯಾರೂ ಇಲ್ಲದ ಹೊತ್ತು ನೋಡಿ ಹಿಂಬಾಗಿಲಿನಿಂದ ಬಂದು, ಸಿಟ್ಟಿಗೋ ಸಂಕಟಕ್ಕೋ, ಬೆರಳು ಬಿಟ್ಟು ಇಡೀ ತೋಳಿನಿಂದ ಎಳೆದಿದ್ದರು. ಎಂಥ ಬಳ್ಳಿ ಅದು! ಎಲೆ ಎಲೆಯೂ ಗಾಳಿಗೆ ಓಲಾಡುವ ಹಾಗಿತ್ತು.

ಕೋಟಕ್ಕ ಬೀದಿ ದಾಟಿ ಹತ್ತಿರ ಹೋದಳು. ಹತ್ತಿರದಿಂದ ಅದೇ ನಡುಕ, ಅದೇ ಗರಗಸ. ಹಿಂದಕ್ಕೆ ನಡೆದಳು, ನಡುಕ ಮಾಯ. ಮುಂದಕ್ಕೆ ಬಂದಳು, ನಡುಕ ಹಾಜರ್. ಹೀಗೆ ಮೂರು ಸಲ ಬೀದಿ ದಾಟಿದಳು. ಬಸ್ಸಿಗೆ ಕಾದಿದ್ದವರು ಇವಳಿಗೇನೋ ತಲೆ ಕೆಟ್ಟಿದೆ ಎಂದುಕೊಂಡರು. ಅವರಿಗೇನು ಗೊತ್ತು? ಬೆರಳಗಲದ ನಡುಕ ಗೇಣಗಲದ ಬಳ್ಳಿಗೆ ದೊಡ್ಡದು, ಆಳೆತ್ತರದ ಬಳ್ಳಿಗೆ ಏನೂ ಅಲ್ಲ. ದೊಡ್ಡದಾಗಿ ಬರೆಸಿ ಚಿಕ್ಕದು ಮಾಡಿದರೆ ಬಳ್ಳಿಯ ಜೊತೆ ನಡುಕವೂ ಕುಗ್ಗುತ್ತದೆ. ಅವಳು ಫೋನು ತೆಗೆದು ಫೋಟೋ ಹೊಡೆದುಕೊಂಡಳು. ಅಷ್ಟರಲ್ಲಿ ಅತ್ತೆ ಸೊಸೆಯನ್ನು ಕಂಡು, ಸೆರಗಿನಿಂದ ಸರಸರನೆ ಎಲ್ಲ ಒರೆಸಿ ಒಳಗೆ ಹೋಗಿಬಿಟ್ಟರು.

ಚಿಕ್ಕದು ಮಾಡುವುದೇನೋ ಸುಲಭ, ಫೋನಿನಲ್ಲೇ ಆಗುತ್ತದೆ. ಬಟ್ಟೆಯ ಮೇಲೆ ಇಳಿಸುವುದು ಹೇಗೆ? ಕಾಗದದ ಮೇಲೆ ಪ್ರಿಂಟ್ ತೆಗೆದು ಕಾರ್ಬನ್ ಇಟ್ಟು ಒತ್ತಿದರೆ ದಪ್ಪ ಉಣ್ಣೆ ಹಿಡಿಯುವುದಿಲ್ಲ. ಸೂಜಿಯಿಂದ ಚುಚ್ಚಿ ಪುಡಿ ಉಜ್ಜಿದರೆ ಹರಡುತ್ತದೆ, ಅದರ ಮೇಲೆ ಇನ್ನೊಬ್ಬರು ತಿದ್ದಬೇಕು. ಇನ್ನೊಬ್ಬರು ತಿದ್ದಿದ ಮೇಲೆ ಅದು ಅವರ ಗೆರೆ, ಅತ್ತೆಯದಲ್ಲ. ಪ್ರಿಂಟರೇ ನೇರವಾಗಿ ಬಟ್ಟೆಯ ಮೇಲೆ ಬರೆಯಬೇಕು. ಆದರೆ ಕೋಟಿನ ಬಟ್ಟೆಯನ್ನು ಪ್ರಿಂಟರಿನ ಬಾಯಿಗೆ ತುರುಕಿದರೆ ಅದು ನುಂಗಲಾರದೆ ಉಗುಳಲಾರದೆ ಒದ್ದಾಡುತ್ತದೆ. ಕೋಟಕ್ಕ ಗಂಡನಿಗೆ ಹೇಳಿದಳು. ಅವನು ಬಸ್ ಡಿಪೋ ಆಫೀಸಿನವರು ಮೂಲೆಗೆ ಎಸೆದಿದ್ದ ಹಳೆಯ ಇಂಕ್‌ಜೆಟ್ ಪ್ರಿಂಟರನ್ನು ಕೇಳಿ ಹೊತ್ತು ತಂದ.

"ತಗೊಳ್ಳೇ, ನಿನಗೊಬ್ಬಳು ಸವತಿ ತಂದಿದ್ದೀನಿ."

"ಬರ್ಲಿ ಬಿಡಿ, ಮೊದಲು ಬಿಚ್ಚಿ ನೋಡ್ತೀನಿ" ಎಂದಳು ಕೋಟಕ್ಕ, ಸ್ಕ್ರೂಡ್ರೈವರ್ ಹುಡುಕುತ್ತ.

ಅವಳ ಉಪಾಯ ಇಷ್ಟೇ. ಪ್ರಿಂಟರಿನ ಹೊರಕವಚ ತೆಗೆದುಹಾಕುವುದು. ಶಾಯಿ ಉಗುಳುತ್ತ ಅತ್ತಿಂದಿತ್ತ ಓಡುವ ಹೆಡ್ಡಿನ ಭಾಗವನ್ನು ನಾಲ್ಕು ಮರದ ತುಂಡುಗಳ ಮೇಲೆ ಎರಡು ಬೆರಳು ಎತ್ತರಿಸುವುದು. ಕೆಳಗೆ ಮೇಜಿನ ಡ್ರಾಯರಿನ ಜಾರುಪಟ್ಟಿಗಳ ಮೇಲೆ ಒಂದು ಹಲಗೆ ಇಡುವುದು. ಹಲಗೆಯ ಮೇಲೆ ಬಟ್ಟೆಯನ್ನು ಗುಂಡುಸೂಜಿಯಿಂದ ಬಿಗಿಯುವುದು. ಕಾಗದ ಎಳೆಯುವ ರೋಲರಿಗೆ ಬೆಲ್ಟು ಹಾಕಿದರೆ ಅದು ಕಾಗದದ ಬದಲು ಹಲಗೆಯನ್ನು ಎಳೆಯುತ್ತದೆ. ಶಾಯಿಯ ಡಬ್ಬಿಗೆ ತುಂಬುವುದು ದರ್ಜಿಗಳ ನೀಲಿ, ನೀರು ತಾಗಿದರೆ ಮಾಯವಾಗುವಂಥದ್ದು. ಹೇಳುವುದಕ್ಕೆ ಎಷ್ಟು ಸಲೀಸು! ನಾಲ್ಕು ದಿನದಲ್ಲಿ ಎಲ್ಲ ಜೋಡಿಸಿದಳು. ಪಕ್ಕದ ರೇಡಿಯೋ ರಿಪೇರಿಯವರು, ಬೀದಿಗೆಲ್ಲ ರೇಡಿಯಣ್ಣ, ತಮ್ಮ ಹಳೆಯ ಕಂಪ್ಯೂಟರ್ ತಂದು ತಂತಿ ಸಿಕ್ಕಿಸಿ ಸ್ಟೂಲು ಎಳೆದುಕೊಂಡು ಕೂತರು. ನಲವತ್ತು ವರ್ಷ ರಿಪೇರಿ ಮಾಡಿದವರು, ಇನ್ನೊಬ್ಬರ ಕೈಯಲ್ಲಿ ಸ್ಕ್ರೂಡ್ರೈವರ್ ಕಂಡರೆ ಅವರಿಗೆ ನಿದ್ದೆ ಬರುವುದಿಲ್ಲ.

"ಅಲ್ಲಮ್ಮಾ, ಪ್ರಿಂಟರ್ ಅಂದ್ರೆ ಹೊಲಿಗೆ ಮಿಷನ್ ಅಂದ್ಕೊಂಡ್ಯಾ? ಅದರ ಮೈತುಂಬಾ ಸೆನ್ಸರ್ ಇರ್ತವೆ. ಒಂದಕ್ಕೆ ಕೋಪ ಬಂದ್ರೂ ಕೆಲಸ ನಿಲ್ಲಿಸುತ್ತೆ."

"ಕೋಪಿಷ್ಠರ ಜೊತೆ ಬಾಳಿ ನನಗೆ ಅಭ್ಯಾಸ ಇದೆ ಅಣ್ಣಾ" ಎಂದು ಕೋಟಕ್ಕ ಮಹಡಿಯ ಕಡೆ ನೋಡಿದಳು.

ಸ್ವಿಚ್ ಹಾಕಿದ ಕೂಡಲೇ ಕಿತ್ತಳೆ ದೀಪ ಮಿಣುಕಿತು. ಕಾಗದ ಸಿಕ್ಕಿಕೊಂಡಿದೆ ಎಂದು ಕಂಪ್ಯೂಟರಿನಲ್ಲಿ ಬಂತು. ಅಲ್ಲಿ ಕಾಗದವೇ ಇಲ್ಲ! ಕಾಗದ ಬಂತೋ ಇಲ್ಲವೋ ತಿಳಿಯಲು ರೋಲರಿನ ಪಕ್ಕದಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ಚಿಕ್ಕ ನಾಲಿಗೆ ಇರುತ್ತದೆ. ಕಾಗದ ಬಂದು ಅದನ್ನು ಒತ್ತಬೇಕು. ಎತ್ತರಿಸಿದ ಮೇಲೆ ಅದು ಬೇಡದ ಕಡೆ ವಾಲಿಕೊಂಡಿತ್ತು. ಕೋಟಕ್ಕ ಅದನ್ನು ನೆಟ್ಟಗೆ ಮಾಡಿ, ಶರ್ಟಿನ ಕಾಲರಿಗೆ ಹಾಕುವ ಗಟ್ಟಿ ಪಟ್ಟಿಯನ್ನು ಹಲಗೆಯ ಅಂಚಿಗೆ ಅಂಟಿಸಿ, ಅದು ಬಂದು ನಾಲಿಗೆ ಒತ್ತುವಂತೆ ಮಾಡಿದಳು. ಬೇಗ ಒತ್ತಿದರೆ "ಸಿಕ್ಕಿಕೊಂಡಿದೆ" ಎನ್ನುತ್ತದೆ, ತಡವಾದರೆ "ಕಾಗದವೇ ಇಲ್ಲ" ಎನ್ನುತ್ತದೆ. ಬೇಗ ಎದ್ದರೂ ಬೈಗುಳ, ತಡವಾಗಿ ಎದ್ದರೂ ಬೈಗುಳ. ಹೊಸ ಸೊಸೆಯಾಗಿ ಇದನ್ನೆಲ್ಲ ದಾಟಿ ಬಂದವಳಿಗೆ ಇದ್ಯಾವ ಲೆಕ್ಕ? ಪಟ್ಟಿಯನ್ನು ದಾರದಷ್ಟು ಹಿಂದೆ, ದಾರದಷ್ಟು ಮುಂದೆ ಸರಿಸುತ್ತ ಹೋದಳು. ಹನ್ನೊಂದನೆಯ ಸಲ ಪ್ರಿಂಟರು ಬಾಯಿ ಮುಚ್ಚಿತು.

ಅದರ ಖುಷಿಗೆ ಒಂದು ಎಡವಟ್ಟು ಮಾಡಿಕೊಂಡಳು. ಹೆಡ್ಡು ಓಡುವಾಗ ಕಿರ್ ಎನ್ನುತ್ತಿತ್ತು. ದರ್ಜಿಯ ಬುದ್ಧಿ ಎಲ್ಲಿ ಹೋದೀತು? ಕಿರ್ ಎಂದರೆ ಎಣ್ಣೆ. ಹೊಲಿಗೆ ಯಂತ್ರದ ಎಣ್ಣೆಡಬ್ಬಿ ತಂದು ಸಿಕ್ಕಸಿಕ್ಕಲ್ಲೆಲ್ಲ ತೊಟ್ಟಿಕ್ಕಿದಳು. ಸ್ವಿಚ್ ಹಾಕಿದರೆ ಹೆಡ್ಡು ಹುಚ್ಚು ಹಿಡಿದ ಹಾಗೆ ಓಡಿ ಪ್ರಿಂಟರಿನ ಅಂಚಿಗೆ ಢಬ್ ಎಂದು ಗುದ್ದಿತು. ರೇಡಿಯಣ್ಣ ಸ್ಟೂಲಿನಿಂದ ಎದ್ದೇಬಿಟ್ಟರು. ಹೆಡ್ಡಿನ ಹಿಂದೆ ಒಂದು ಪಾರದರ್ಶಕ ಪಟ್ಟಿ ಇರುತ್ತದೆ, ಅದರ ಮೇಲೆ ಕೂದಲಿಗಿಂತ ಸಣ್ಣ ಗೆರೆಗಳು. ಆ ಗೆರೆ ಎಣಿಸಿಕೊಂಡೇ ತಾನೆಲ್ಲಿದ್ದೇನೆ ಎಂದು ಹೆಡ್ಡಿಗೆ ತಿಳಿಯುವುದು. ಎಣ್ಣೆ ಮೆತ್ತಿದ ಮೇಲೆ ಎಣಿಸುವುದೆಲ್ಲಿಂದ ಬಂತು?

"ಹೊಲಿಗೆ ಮಿಷನ್ ಅಲ್ಲ ಅಂತ ಮೊದಲೇ ಹೇಳಿದ್ದೆ" ಎಂದರು ರೇಡಿಯಣ್ಣ, ಒಳಗೊಳಗೇ ಖುಷಿಪಡುತ್ತ.

"ಹೇಳಿದ್ರಿ ಅಣ್ಣಾ, ತಪ್ಪು ನನ್ನದೇ" ಎಂದು ಒಪ್ಪಿಕೊಂಡಳು. ಅಸ್ತರಿನ ಮೆತ್ತನೆಯ ಬಟ್ಟೆಗೆ ಒಂದು ಹನಿ ಸೋಪಿನ ನೀರು ಹಾಕಿ, ಮಗುವಿನ ಕಣ್ಣು ಒರೆಸುವ ಹಾಗೆ ಪಟ್ಟಿ ಒರೆಸಿದಳು. ಗುದ್ದುವುದು ನಿಂತಿತು.

ಆಮೇಲೆ ಬಂದದ್ದು ದೊಡ್ಡ ಕಂಟಕ. ತಿಂಗಳು ಮುಗಿಯಲು ಒಂಬತ್ತು ದಿನ ಇತ್ತು. ಹಲಗೆ ಸರಿಯಾಗಿ ಒಳಗೆ ಬರುತ್ತದೆ, ನಾಲಿಗೆ ಒಪ್ಪುತ್ತದೆ. ಹೆಡ್ಡು ಬಟ್ಟೆಯ ಮೇಲೆ ಬಲದಿಂದ ಎಡಕ್ಕೆ ಒಮ್ಮೆ ಹೋಗಿ ಬರುತ್ತದೆ. ಇನ್ನೇನು ಬರೆಯಿತು ಎನ್ನುವಾಗ ಕಿತ್ತಳೆ ದೀಪ. ಕಾಗದದ ಅಳತೆ ಸರಿಯಿಲ್ಲವಂತೆ. ಹತ್ತು ಸಲ ಹಾಕಿದರೂ ಹತ್ತು ಸಲವೂ ಅದೇ ರಾಗ.

ಹೆಡ್ಡಿನ ಅಡಿಯಲ್ಲಿ ಒಂದು ಪುಟ್ಟ ಕಣ್ಣಿದೆ ಎಂದು ರೇಡಿಯಣ್ಣ ತೋರಿಸಿದರು. ಅದು ಕೆಳಗೆ ಬೆಳಕು ಬಿಟ್ಟು ನೋಡುತ್ತದೆ. ಕಾಗದವಾದರೆ ಬೆಳಕು ಹಿಂದಿರುಗುತ್ತದೆ, ಕಾಗದದ ಆಚೆಯ ಕಪ್ಪು ತಳವಾದರೆ ಹಿಂದಿರುಗುವುದಿಲ್ಲ. ಎಲ್ಲಿಂದ ಎಲ್ಲಿವರೆಗೆ ಕಾಗದ ಎಂದು ಅದು ಹೀಗೆ ಅಳೆದುಕೊಳ್ಳುತ್ತದೆ. ಕೋಟಕ್ಕ ಅದನ್ನು ಯೋಚಿಸಿಯೇ ಹಲಗೆಗೆ ಅಚ್ಚ ಕಪ್ಪು ಅಸ್ತರು ಹೊದಿಸಿ, ನಡುವೆ ಕೆನೆಬಣ್ಣದ ಬಟ್ಟೆ ಬಿಗಿದಿದ್ದಳು. ಮೂವತ್ತೊಂದು ವರ್ಷ ಬಣ್ಣ ನೋಡಿದ ಕಣ್ಣು ಅವಳದು, ಅದಕ್ಕಿಂತ ಕಪ್ಪು ಅಂಗಡಿಯಲ್ಲಿರಲಿಲ್ಲ.

"ಕಣ್ಣು ಸತ್ತಿದೆ" ಎಂದು ರೇಡಿಯಣ್ಣ ತೀರ್ಪು ಕೊಟ್ಟರು. ತಮ್ಮ ಗುಜರಿಯಿಂದ ಅಂಥದ್ದೇ ಇನ್ನೊಂದು ಪ್ರಿಂಟರಿನ ಕಣ್ಣು ಕಿತ್ತು ತಂದು ಹಾಕಿದರು. ಅದೇ ತಪ್ಪು. "ಹಾಗಾದ್ರೆ ಬೋರ್ಡೇ ಹೋಗಿರ್ಬೇಕು. ಬಿಟ್ಬಿಡಮ್ಮಾ. ಬ್ಯಾಂಡಿನೋರಿಗೆ ಫ್ಯಾಕ್ಟರಿ ದಾರಿ ತೋರ್ಸು. ಆಗದ ಕೆಲಸಕ್ಕೆ ಯಾಕೆ ತಲೆ ಚಚ್ಕೋತೀಯ?"

ಅವರು ಒಳ್ಳೆಯದಕ್ಕೇ ಹೇಳಿದ್ದು. ಆದರೂ ಕೋಟಕ್ಕನಿಗೆ ಮೈ ಉರಿಯಿತು. ಅವತ್ತು ಬೆಳಿಗ್ಗೆ ತಿಂಡಿ ಕೊಡಲು ಹೋದಾಗ ಅತ್ತೆ ಏನೆಂದಿದ್ದರು ಗೊತ್ತೇ? "ಬ್ಯಾಂಡಿನೋರಿಗೆ ಹೇಳಿಬಿಡು, ಮುದುಕಿ ಸತ್ತೋದ್ಲು ಅಂತ." ನಗುತ್ತ ಹೇಳಿದ್ದಲ್ಲ.

ಅವಳು ಹೊಲಿಗೆ ಯಂತ್ರದ ಮುಂದೆ ಕೂತಳು. ಹೊಸದರಲ್ಲಿ ಒಮ್ಮೆ ಕೋಟಿನ ಭುಜ ಸೊಟ್ಟ ಬಂದಾಗ, ಎಲ್ಲ ಬಿಚ್ಚಲು ಹೊರಟವಳ ಕೈ ಹಿಡಿದು ಅತ್ತೆ ಒಂದು ಪಾಠ ಹೇಳಿದ್ದರು. ತಪ್ಪೆಲ್ಲಿದೆ ಎಂದು ಹುಡುಕಬೇಡ, ಎಲ್ಲಿಯವರೆಗೆ ಸರಿಯಿದೆ ನೋಡು. ಅದೇ ಸರಿ ಎಂದು ಎದ್ದಳು. ಹಲಗೆ ತೆಗೆದು, ಪ್ರಿಂಟರಿನದೇ ಕಪ್ಪು ಪ್ಲಾಸ್ಟಿಕ್ ತಳವನ್ನು ಅದೇ ಎತ್ತರಕ್ಕೆ ಇಟ್ಟು, ಮೇಲೆ ಬಿಳಿ ಹಾಳೆ ಅಂಟಿಸಿದಳು. ಪ್ರಿಂಟರು ತುಟಿ ಪಿಟಕ್ಕೆನ್ನದೆ ಬರೆಯಿತು. ಪ್ಲಾಸ್ಟಿಕ್ ತೆಗೆದು ಅಸ್ತರಿನ ಹಲಗೆ ಇಟ್ಟಳು. ಕಿತ್ತಳೆ ದೀಪ.

"ಅಣ್ಣಾ, ಕಣ್ಣೂ ಸತ್ತಿಲ್ಲ, ಬೋರ್ಡೂ ಹೋಗಿಲ್ಲ. ತಪ್ಪು ನನ್ನ ಬಟ್ಟೇದು."

"ಬಟ್ಟೆಗೇನು ರೋಗ? ಕಪ್ಪು ಅಂದ್ರೆ ಕಪ್ಪು."

ಆ ಮಾತು ಕೇಳಿದ್ದೇ ತಡ, ಕೋಟಕ್ಕನಿಗೆ ಹಳೆಯ ಜಗಳವೊಂದು ತಲೆಗೆ ಬಂತು. ಹತ್ತು ವರ್ಷದ ಹಿಂದೆ ಹೈಸ್ಕೂಲಿನ ಹೆಡ್‌ಮೇಷ್ಟ್ರೊಬ್ಬರು ಮಗಳ ಮದುವೆಗೆ ಕಪ್ಪು ಕೋಟು ಹೊಲಿಸಿದ್ದರು. ಕೋಟಿಗೊಂದು ಥಾನಿನ ಬಟ್ಟೆ, ಕಾಲರಿಗೊಂದು ಥಾನು, ಎರಡೂ ಕಾಡಿಗೆಯಂಥ ಕಪ್ಪು. ಮದುವೆ ಮುಗಿದ ಮೇಲೆ ಅವರು ಫೋನು ಹಿಡಿದು ಕೆಂಡವಾಗಿ ಬಂದರು. ಫೋಟೋದಲ್ಲಿ ಕೋಟು ಕಪ್ಪು, ಕಾಲರು ಬದನೆಕಾಯಿ ಬಣ್ಣ! ಕೋಟು ತಂದು ಬಿಸಿಲಿನಲ್ಲಿ ಹಿಡಿದರೆ ಕಾಲರು ಕಪ್ಪೇ. ಅವರ ಫೋನಿನಲ್ಲಿ ನೋಡಿದರೆ ಬದನೆಕಾಯಿ. ಅಂದು ಇಬ್ಬರೂ ತಲೆ ಕೆರೆದುಕೊಂಡು ಸುಮ್ಮನಾಗಿದ್ದರು. ಅವಳು ಅದನ್ನು ರೇಡಿಯಣ್ಣನಿಗೆ ಹೇಳಿದಳು.

ರೇಡಿಯಣ್ಣ ಅಂಗಡಿಗೆ ಓಡಿ ಒಂದು ಟಿ.ವಿ. ರಿಮೋಟನ್ನೂ ತಮ್ಮ ಅಜ್ಜನ ಕಾಲದ ಫೋನನ್ನೂ ತಂದರು. ರಿಮೋಟಿನ ತುದಿ ತೋರಿಸಿ ಗುಂಡಿ ಒತ್ತಿದರು. "ಏನಾದ್ರೂ ಕಾಣುತ್ತಾ?" ಏನೂ ಕಾಣಲಿಲ್ಲ. ಫೋನಿನ ಕ್ಯಾಮೆರಾದಲ್ಲಿ ನೋಡಿದರೆ ತುದಿಯಲ್ಲಿ ನೇರಳೆ ದೀಪ ಮಿಣಮಿಣ ಎನ್ನುತ್ತಿತ್ತು. "ಮನುಷ್ಯರಿಗೆ ಕಾಣದ ಬೆಳಕಮ್ಮಾ ಇದು. ಹಳೇ ಕ್ಯಾಮೆರಾಕ್ಕೆ ಕಾಣುತ್ತೆ. ನಿನ್ನ ಪ್ರಿಂಟರ್ ಕಣ್ಣು ಬಿಡೋದೂ ಇಂಥದ್ದೇ ಬೆಳಕು. ನಿನ್ನ ಅಸ್ತರಿನ ಬಣ್ಣ ನಮ್ಮ ಕಣ್ಣಿನ ಬೆಳಕನ್ನ ಪೂರ್ತಿ ನುಂಗುತ್ತೆ, ಈ ಬೆಳಕನ್ನ ನುಂಗಲ್ಲ, ವಾಪಸ್ ಕಳಿಸುತ್ತೆ. ಪ್ರಿಂಟರಿಗೆ ನಿನ್ನ ಹಲಗೆ ಪೂರ್ತಿ ಬೆಳ್ಳಗೆ ಕಂಡಿದೆ!"

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಹೇಳಿದ್ದರು. ಕಪ್ಪಗಿರುವುದೆಲ್ಲ ಕಪ್ಪೂ ಅಲ್ಲ ಎಂದು ಅವತ್ತು ಆ ಅಂಗಡಿಯಲ್ಲಿ ತೀರ್ಮಾನವಾಯಿತು. ಬಟ್ಟೆ ಅಂಗಡಿಯಲ್ಲಿಲ್ಲದ ಕಪ್ಪೇ? ಕೋಟಕ್ಕ ಕಪ್ಪು ಎನ್ನಿಸಿಕೊಂಡದ್ದನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಮಖಮಲ್ಲು, ಉಣ್ಣೆ, ಪಾಲಿಯೆಸ್ಟರು, ಕೊಡೆಯ ಬಟ್ಟೆ, ಗಂಡನ ಹಳೆಯ ಡ್ಯೂಟಿ ಪ್ಯಾಂಟು, ಅತ್ತೆಯ ಶಾಲು. ಬಟ್ಟೆಯಲ್ಲದ್ದು ಎರಡೇ, ಸೈಕಲ್ ಟ್ಯೂಬಿನ ತುಂಡು ಮತ್ತು ದೀಪದ ಮಸಿ ಹಿಡಿದ ತಟ್ಟೆ. ಆ ಕಾಣದ ಬೆಳಕನ್ನೂ ಚೆಲ್ಲುವ ಹಳೆಯ ಬಲ್ಬು ಉರಿಸಿ, ರೇಡಿಯಣ್ಣನ ಹಳೆಯ ಫೋನಿನಲ್ಲಿ ನೋಡಿದಳು. ಅಬ್ಬಬ್ಬಾ! ಬಟ್ಟೆಗಳೆಲ್ಲ ಒಂದೊಂದಾಗಿ ಬಣ್ಣ ಬಯಲು ಮಾಡಿದವು. ಒಂದು ನೇರಳೆ, ಒಂದು ಇಟ್ಟಿಗೆ, ಒಂದು ಬದನೆಕಾಯಿ. ಕಪ್ಪಾಗಿ ಉಳಿದದ್ದು ಟ್ಯೂಬು ಮತ್ತು ಮಸಿ. ಟ್ಯೂಬಿನ ಮೇಲೆ ಗುಂಡುಸೂಜಿ ನಿಲ್ಲುವುದಿಲ್ಲ, ಹಾಗಾಗಿ ಮಸಿಯೇ ಗತಿ.

ಎಣ್ಣೆದೀಪದ ಮೇಲೆ ತಟ್ಟೆ ಹಿಡಿದು ಮಸಿ ಕಟ್ಟಿಸಿದಳು. ಕೆರೆದು, ಬಟ್ಟೆಗೆ ಹಾಕುವ ಗಂಜಿಯಲ್ಲಿ ಕಲಸಿ, ದಪ್ಪ ಕ್ಯಾನ್ವಾಸಿಗೆ ಮೂರು ಸಲ ಬಳಿದಳು. ಒಣಗಿಸಿ, ಇಸ್ತ್ರಿ ಹಾಕಿ, ಹಲಗೆಗೆ ಹೊದಿಸಿದಳು. ಡ್ಯೂಟಿ ಮುಗಿಸಿ ಬಂದ ಗಂಡ ಬಾಗಿಲಲ್ಲೇ ನಿಂತುಬಿಟ್ಟ.

"ಏನೇ ಇದು, ಮುಖಕ್ಕೆ ಮಸಿ ಬಳ್ಕೊಂಡು ನಿಂತಿದ್ದೀಯ?"

"ನೀವು ತಂದ ಸವತಿ ಕಾಟ" ಎಂದಳು. ಅವಳ ನಗುವಿಗೆ ಹಲ್ಲು ಮಾತ್ರ ಬೆಳ್ಳಗೆ ಕಂಡಿತು.

ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ, ರೇಡಿಯಣ್ಣ ಸ್ಟೂಲಿನ ಮೇಲೆ ಕೂತಿರಲು, ಕೋಟಕ್ಕ ಕೆನೆಬಣ್ಣದ ಬಟ್ಟೆ ಬಿಗಿದು ಸ್ವಿಚ್ ಹಾಕಿದಳು. ಹಲಗೆ ಒಳಗೆ ಬಂತು. ನಾಲಿಗೆ ಒಪ್ಪಿತು. ಹೆಡ್ಡು ಬಲದಿಂದ ಎಡಕ್ಕೆ ನೋಡಿಕೊಂಡು ಹೋಯಿತು, ವಾಪಸ್ ಬಂತು. ಕ್ಷಣಕಾಲ ಏನೂ ಆಗಲಿಲ್ಲ. ರೇಡಿಯಣ್ಣ ಕಿತ್ತಳೆ ದೀಪವನ್ನೇ ದಿಟ್ಟಿಸುತ್ತಿದ್ದರು. ದೀಪ ಹೊತ್ತಲಿಲ್ಲ. ಹೆಡ್ಡು ಮತ್ತೆ ಹೊರಟಿತು, ಈ ಸಲ ಅದರ ಹಿಂದೆ ಸಣ್ಣ ನೀಲಿ ಚುಕ್ಕೆಗಳು ಬಿದ್ದವು. ಚುಕ್ಕೆಗಳು ಸಾಲಾದವು, ಸಾಲುಗಳು ದಂಟಾದವು, ದಂಟಿಗೆ ಎಲೆ ಬಂತು. ಶಟರಿನ ಮೇಲಿದ್ದ ಬಳ್ಳಿ ಗೇಣಗಲಕ್ಕೆ ಕುಗ್ಗಿ, ಒಂದಿಷ್ಟೂ ನಡುಕವಿಲ್ಲದೆ, ಉಣ್ಣೆಯ ಮೇಲೆ ಹರಡಿಕೊಂಡಿತು.

"ಭೇಷ್!" ಎಂದರು ರೇಡಿಯಣ್ಣ. "ನಲವತ್ತು ವರ್ಷದಲ್ಲಿ ಇಂಥ ತಪ್ಪು ನಾನು ಹಿಡಿದಿಲ್ಲ ಕಣಮ್ಮಾ."

"ನನಗೂ ಹಾಗೇ ಅನ್ನಿಸ್ತಿದೆ ಅಣ್ಣಾ" ಎಂದಳು ಕೋಟಕ್ಕ. ವಿನಯದ ಮಾತು ಆಡಬಹುದಿತ್ತು, ಆಡಲಿಲ್ಲ. ಅವಳಿಗೆ ಹೆಮ್ಮೆಯಾಗಿತ್ತು, ಹೊಟ್ಟೆ ತುಂಬ ಹೆಮ್ಮೆ. ಹೆಮ್ಮೆಪಡುವ ಕೆಲಸ ಮಾಡಿ ತಲೆ ತಗ್ಗಿಸಿಕೊಂಡು ನಿಲ್ಲುವುದು ಯಾವ ಸೀಮೆಯ ಮರ್ಯಾದೆ?

ಬಟ್ಟೆ ಹಿಡಿದು ಹದಿನಾಲ್ಕು ಮೆಟ್ಟಿಲನ್ನು ಓಡಿಕೊಂಡೇ ಹತ್ತಿದಳು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಬಟ್ಟೆಯನ್ನು ಅವರ ಮಡಿಲಿಗೆ ಹಾಕಿದಳು. ಅತ್ತೆ ಎದ್ದು ಕೂತು, ಕನ್ನಡಕ ಹುಡುಕಿ ಹಾಕಿಕೊಂಡು, ಗೆರೆಯ ಮೇಲೆ ಬೆರಳು ಓಡಿಸಿದರು. ಬೆರಳು ನಡುಗುತ್ತಿತ್ತು, ಗೆರೆ ನಡುಗುತ್ತಿರಲಿಲ್ಲ.

"ಯಾರ ಕೈ ಇದು?"

"ನಿಮ್ಮದೇ ಅತ್ತೆ."

"ಸುಳ್ಳು ಹೇಳ್ಬೇಡ. ನನ್ನ ಕೈ ನನಗೆ ಗೊತ್ತಿಲ್ವಾ?"

"ಅವತ್ತು ಶಟರ್ ಮೇಲೆ ಬರೆದ್ರಲ್ಲ, ಅದೇ. ಫೋಟೋ ತೆಗೆದು ಚಿಕ್ಕದು ಮಾಡಿದ್ದೀನಿ, ಅಷ್ಟೇ. ಒಂದು ಗೆರೇನೂ ತಿದ್ದಿಲ್ಲ. ಯಂತ್ರ ನನ್ನದು, ಬಳ್ಳಿ ನಿಮ್ಮದು."

ಅತ್ತೆ ಬಟ್ಟೆಯನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಮತ್ತೆ ಹಿಡಿದರು. ಕಣ್ಣು ತುಂಬಿಕೊಂಡಿತ್ತು, ಒರೆಸಿಕೊಳ್ಳಲು ಹೋಗಲಿಲ್ಲ. ಕೊನೆಗೆ ಮೂಗು ಮುರಿದರು.

"ಈ ಎಲೆ ಸೊಟ್ಟ. ಶಟರಿನ ಮಡಿಕೆ ಅಡ್ಡ ಬಂದಿತ್ತು. ಇದನ್ನ ಬ್ಯಾಂಡಿನೋರ ಬೆನ್ನ ಮೇಲೆ ಹಾಕ್ತೀಯಾ? ನನ್ನ ಮಾನ ಕಳೀಬೇಕು ಅಂತಾನಾ? ಹಾಕು ಕೆಳಗೆ ಕಾಗದ, ಬರ್ತೀನಿ."

ಮೂರು ವಾರದ ಮೇಲೆ ಅತ್ತೆ ಎಲ್ಲರೆದುರಿಗೇ ಮೆಟ್ಟಿಲು ಇಳಿದರು. ಕೈಚೀಲ ಅಂಗಡಿಯವರಿಂದ ತಂದ ಕಂದು ಕಾಗದದ ಹಾಳೆ ಆರನ್ನು ಜೋಡಿಸಿ ಮೇಜಿಗೆ ಹೊದಿಸಿದ್ದಾಯಿತು. ಇದ್ದಿಲಿನ ತುಂಡು ಹಿಡಿದು ಭುಜದಿಂದ ಎಳೆದರು. ಎರಡು ಸಲ ಬರೆದದ್ದನ್ನು ಹರಿದರು, ಮೂರನೆಯದಕ್ಕೆ "ಹ್ಞೂಂ" ಎಂದರು. ತಿಂಗಳು ಮುಗಿಯಲು ನಾಲ್ಕು ದಿನ ಇರುವಾಗಲೇ ಇಪ್ಪತ್ತೆರಡು ಬೆನ್ನುಗಳ ಮೇಲೆ ಹೊಸ ಬಳ್ಳಿ ಇಳಿದಿತ್ತು. ನೋಡಲು ಬಂದ ಬ್ಯಾಂಡ್ ಮಾಸ್ತರು, "ಅಮ್ಮಾ, ನಿಮ್ಮ ಕೈಗೆ ವಯಸ್ಸೇ ಆಗಲ್ವಾ?" ಎಂದರು. ಅತ್ತೆ ನಡುಗುವ ಕೈಯನ್ನು ಮುಚ್ಚಿಡಲಿಲ್ಲ, ಮಾಸ್ತರ ಮುಂದೆಯೇ ಚಾಚಿದರು. "ವಯಸ್ಸಾಗಿದೆ, ನೋಡಿ. ಆದ್ರೆ ನನ್ನ ಸೊಸೆ ಇದ್ದಾಳೆ. ಅವಳು ಮಾಡಿರೋ ಯಂತ್ರ ನೋಡ್ಕೊಂಡು ಹೋಗಿ, ನಿಮ್ಮ ಫ್ಯಾಕ್ಟರೀಲೂ ಇಂಥದ್ದಿರಲ್ಲ" ಎಂದು ತಾವೇ ಕರೆದೊಯ್ದು ಹಲಗೆಯ ಮಸಿಯಿಂದ ಹಿಡಿದು ಕಾಲರ್ ಪಟ್ಟಿಯವರೆಗೆ ತೋರಿಸಿದರು. ಅರ್ಧ ತಪ್ಪು ಹೇಳಿದರು, ಕೋಟಕ್ಕ ತಿದ್ದಲಿಲ್ಲ.

ಆಮೇಲೆ ಬೇರೆ ಊರಿನವರೂ ಬಂದರು, ಬಳ್ಳಿ ನಿಲ್ಲಲಿಲ್ಲ. ಆದರೆ ಡಾಕ್ಟರು ಹೇಳಿದ್ದು ಸುಳ್ಳಾಗಲಿಲ್ಲ. ವರ್ಷ ತಿರುಗುವಷ್ಟರಲ್ಲಿ ನಡುಕ ಮೊಣಕೈಗೆ ಏರಿತು. ಆರು ಹಾಳೆಯ ಕಾಗದ ಸಾಲದೆ ಹನ್ನೆರಡು ಜೋಡಿಸಬೇಕಾಯಿತು. ಮೇಜಿನ ಮೇಲೆ ಹಿಡಿಸದೆ ನೆಲಕ್ಕೆ ಹಾಸಿದರು. ಒಂದು ಬೆಳಿಗ್ಗೆ ಅತ್ತೆ ಗಿಡ್ಡ ಕೋಲಿನ ತುದಿಗೆ ಇದ್ದಿಲು ಕಟ್ಟಿಸಿಕೊಂಡು, ಕಾಗದದ ಮೇಲೆ ಅರ್ಧ ದಂಟು ಎಳೆದು ನಿಂತರು.

"ಕೈ ಇನ್ನೂ ಜಾಸ್ತಿ ನಡುಗಿದ್ರೆ ಏನೇ ಮಾಡೋದು?"

"ಇನ್ನೂ ದೊಡ್ಡ ಕಾಗದ ಹಾಸೋಣ."

"ಈ ಅಂಗಡಿ ಸಾಲದೆ ಹೋದ್ರೆ?"

ಕೋಟಕ್ಕ ಹಲಗೆಗೆ ಬಟ್ಟೆ ಬಿಗಿಯುತ್ತಿದ್ದಳು. ತಲೆ ಎತ್ತದೆ ಹೇಳಿದಳು. "ಹೊರಗೆ ಬೀದಿ ಇದ್ಯಲ್ಲ ಅತ್ತೆ."

ಅತ್ತೆ ಬಾಗಿಲಾಚೆ ನೋಡಿದರು. ಆ ತುದಿಯಿಂದ ಈ ತುದಿಯವರೆಗೆ, ಅಳೆಯುವವರ ಹಾಗೆ. ಆಮೇಲೆ ಕೋಲನ್ನು ಸರಿಯಾಗಿ ಹಿಡಿದುಕೊಂಡು ಉಳಿದರ್ಧ ದಂಟು ಎಳೆಯಲು ಬಗ್ಗಿದರು.

"ಹಾಗಾದ್ರೆ ನಿನ್ನ ಗಂಡನಿಗೆ ಹೇಳಿಡು," ಎಂದರು, "ಅವತ್ತು ಬಸ್ಸು ಆ ಕಡೆಯಿಂದ ಹೋಗ್ಲಿ."